ಗುಂಡಿ ಒತ್ತಿದರೆ ಏನಾಗುತ್ತದೆ?

ನನಗೆ ಸಿಟ್ಟು ಬರುವುದು ಅಪರೂಪ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಹಾಗೆ ಹೇಳಿದಾಗಲೆಲ್ಲ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಾಳೆ. ಇರಲಿ. ಆದರೆ ಏಳನೇ ಕ್ಲಾಸಿನ ಮಗಳ ಅಂಕಪಟ್ಟಿ ಮನೆಗೆ ಬಂದ ದಿನ ನನಗೆ ಬಂದ ಸಿಟ್ಟು ಅಂಥಿಂಥದ್ದಲ್ಲ. ಗಣಿತಕ್ಕೆ ತೊಂಬತ್ತೊಂದು, ವಿಜ್ಞಾನಕ್ಕೆ ಎಂಬತ್ತೆಂಟು, ಉಳಿದದ್ದೆಲ್ಲ ಅದೇ ಆಸುಪಾಸು. ಕಟ್ಟಕಡೆಯ ಸಾಲಿನಲ್ಲಿ ‘ತಂತ್ರಜ್ಞಾನ’ ಎಂದು ಬರೆದು, ಅದರ ಮುಂದೆ ಕೆಂಪು ಶಾಯಿಯಲ್ಲಿ ಮೂವತ್ತನಾಲ್ಕು. ಪಾಸಾಗಲು ಬೇಕಾದದ್ದು ಮೂವತ್ತೈದು.

ಬೇರೆ ವಿಷಯದಲ್ಲಾಗಿದ್ದರೆ ಸಹಿಸುತ್ತಿದ್ದೆನೇನೋ. ಆದರೆ ನಾನು ಟೆಕ್ನಿಕಲ್ ಲೈನಿನವನು. ಹದಿನೆಂಟು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ, ಸಡಿಲವಾದ ಕಡ್ಡಿಗಳ ಸ್ಕ್ರೂ ಬಿಗಿ ಮಾಡುತ್ತೇನೆ. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ನಾನು ಐದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತೇನೆ, ಭಾನುವಾರ ಕೂಡ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಟೆಕ್ನಿಕಲ್ ಲೈನು’ ಎಂದು ಗಂಭೀರವಾಗಿ ಹೇಳುತ್ತೇನೆ. ನನ್ನ ಭಾವಮೈದುನ ಮಾತ್ರ, “ಕಡ್ಡಿ ಲೈನು ಅನ್ನಿ ಭಾವ” ಎನ್ನುತ್ತಾನೆ. ಅವನಿಗೆ ಮಾನ ಮರ್ಯಾದೆ ಕಡಿಮೆ.

“ಏನಮ್ಮ ಪುಟ್ಟಿ ಇದು? ನಮ್ಮ ಮನೇಲಿ ತಂತ್ರಜ್ಞಾನದಲ್ಲಿ ಫೇಲಾಗೋದಾ?”

ಮಗಳು ಹೆದರಲಿಲ್ಲ. ಅವಳು ಯಾವತ್ತೂ ಹೆದರುವವಳಲ್ಲ, ಅದೊಂದು ಸಮಸ್ಯೆ. ಚೀಲದಿಂದ ಉತ್ತರಪತ್ರಿಕೆ ತೆಗೆದು ನನ್ನ ಕೈಗಿಟ್ಟಳು. “ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಮೂವತ್ತು ಹೋಯ್ತು ಅಪ್ಪ. ಸೋಪಿನ ಡಬ್ಬಿ ತಗೊಂಡು ಹೋಗಿರ್ಲಿಲ್ಲ.”

“ಸೋಪಿನ ಡಬ್ಬಿನಾ?”

“ಅದೇ ಮೌಸು. ಎಡಗಡೆ ಒಂದ್ಸಲ ಕುಟ್ಟು, ಬಲಗಡೆ ಒಂದ್ಸಲ ಕುಟ್ಟು ಅಂತ ಪಿ.ಟಿ. ಮೇಷ್ಟ್ರು ಸೀಟಿ ಊದ್ತಾರೆ. ಎಲ್ಲರೂ ಒಟ್ಟಿಗೆ ಕುಟ್ಟಬೇಕು.”

“ನಮ್ಮ ಬಚ್ಚಲಿನ ಸೋಪಿನ ಡಬ್ಬಿ ಎಲ್ಲಿ ಹೋಯ್ತು ಅಂತ ಒಂದು ವರ್ಷದಿಂದ ಹುಡುಕ್ತಾ ಇದೀನಿ!” ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ನಾನು ಪತ್ರಿಕೆ ತಿರುವಿ ಹಾಕಿದೆ. ಕಂಪ್ಯೂಟರಿನ ಚಿತ್ರ ಬಿಡಿಸಿ ಎಂಬ ಪ್ರಶ್ನೆಗೆ ಮಗಳು ಒಂದು ಬಟ್ಟೆಯ ಮುಸುಕನ್ನು, ನೆರಿಗೆ ಸಮೇತ, ಬಹಳ ಚೆನ್ನಾಗಿ ಬಿಡಿಸಿದ್ದಳು. “ಅದನ್ನ ಮುಸುಕು ತೆಗೆದು ಯಾರೂ ತೋರಿಸಿಲ್ಲ, ಕ್ಲಾಸಲ್ಲಿ ನೋಡಿದ್ದನ್ನ ಬಿಡಿಸಿದೆ” ಎಂದಳು. ಹತ್ತಕ್ಕೆ ಸೊನ್ನೆ. ಕೊನೆಯ ಪುಟದಲ್ಲಿ ಎರಡು ಅಂಕದ ಪ್ರಶ್ನೆ: ‘ಕಂಪ್ಯೂಟರಿನ ಗುಂಡಿ ಒತ್ತಿದರೆ ಏನಾಗುತ್ತದೆ?’ ಅದಕ್ಕೆ ಅವಳ ದುಂಡನೆಯ ಅಕ್ಷರದಲ್ಲಿ ಉತ್ತರ: ‘ಏನೂ ಆಗುವುದಿಲ್ಲ. ನಾನು ಒತ್ತಿ ನೋಡಿದ್ದೇನೆ.’

ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ, ಕೆಳಗೆ ‘ಅಧಿಕಪ್ರಸಂಗ’ ಎಂದು ಷರಾ.

“ಪರದೆ ಬೆಳಗುತ್ತದೆ, ಚಿತ್ರಗಳು ಮೂಡುತ್ತವೆ ಅಂತ ಬರೀಬೇಕಿತ್ತಂತೆ” ಎಂದಳು ಮಗಳು. “ಬೆಳಗಲಿಲ್ಲ ಅಪ್ಪ. ಊಟದ ಬೆಲ್ಲಿನ ಹೊತ್ತಲ್ಲಿ ಒಳಗೆ ಹೋಗಿ ಒತ್ತಿದ್ದೆ. ಏಳು ಕಂಪ್ಯೂಟರಿಂದೂ ಒತ್ತಿದ್ದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ವಿಷಯ ಮುಖ್ಯವಾದದ್ದಲ್ಲ, ಫೇಲಾದರೂ ಮುಂದಿನ ಕ್ಲಾಸಿಗೆ ತೊಂದರೆಯಿಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು. ಇದು ಕ್ಲಾಸಿನ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ ಎಂದು ಅಬ್ಬರಿಸಿ, ಮರುದಿನ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಶಾಲೆಗೆ ಹೊರಟೇಬಿಟ್ಟೆ. ಆ ಶಾಲೆಯ ಮೆಟ್ಟಿಲನ್ನು ನಾನು ಅಲ್ಲಿಯವರೆಗೆ ಹತ್ತಿದವನಲ್ಲ. ಪೋಷಕರ ಸಭೆಗಳಿಗೆಲ್ಲ ಹೋಗುವುದು ಹೆಂಡತಿ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಎರಡು ಸಲ ಅಭ್ಯಾಸ ಮಾಡಿಕೊಂಡೆ. ಮೊದಲನೆಯ ವಾಕ್ಯ ‘ನಾಚಿಕೆಯಾಗಬೇಕು ನಿಮಗೆ’ ಎಂದು ಶುರುವಾಗುತ್ತಿತ್ತು.

ಗೇಟಿನಲ್ಲಿ ಜವಾನ ನನ್ನ ಮುಖ ನೋಡಲಿಲ್ಲ, ಜೇಬು ನೋಡಿದ. ನೋಡಿದವನೇ ಸ್ಟೂಲಿನಿಂದ ನೆಗೆದು ನಿಂತ.

“ಅಂತೂ ಬಂದ್ರಲ್ಲಾ ಸಾರ್! ಮೂರು ವರ್ಷದಿಂದ ಕಾಯ್ತಾ ಇದೀವಿ! ಮೇಡಂ, ಕಂಪ್ಯೂಟರ್ ನೋಡೋ ಎಕ್ಸ್‌ಪರ್ಟು ಬಂದ್ರು!”

ಅಲ್ಲಪ್ಪಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು, “ಬನ್ನಿ ಸಾರ್, ಬನ್ನಿ, ಕೂತ್ಕೊಳ್ಳಿ” ಎಂದು ತಮ್ಮ ಕುರ್ಚಿಯನ್ನೇ ನನ್ನತ್ತ ಎಳೆದರು. ಓದುಗರು ಒಂದು ಮಾತು ಅರ್ಥ ಮಾಡಿಕೊಳ್ಳಬೇಕು. ನನ್ನ ಇಡೀ ಜೀವಮಾನದಲ್ಲಿ ನನಗೆಂದು ಯಾರೂ ಕುರ್ಚಿ ಬಿಟ್ಟುಕೊಟ್ಟವರಿಲ್ಲ. ಅಂಗಡಿಯಲ್ಲಿ ನಾನು ಕೂರುವುದು ಗಾಜಿನ ಪೆಟ್ಟಿಗೆಯ ಮೇಲೆ. ಒಂದೇ ಒಂದು ನಿಮಿಷ ಕೂತು ಆಮೇಲೆ ನಿಜ ಹೇಳೋಣ ಎಂದುಕೊಂಡೆ. ಟೀ ಬಂತು. ಟೀ ಕುಡಿದು ಹೇಳೋಣ ಎಂದುಕೊಂಡೆ. ಬಿಸ್ಕೀಟೂ ಬಂತು.

“ನೀವೇ ಹೇಳಿ ಸಾರ್, ಎಕ್ಸ್‌ಪರ್ಟ್ ನೀವು” ಎಂದರು ಮೇಡಂ. “ಈ ಕಾಲದಲ್ಲಿ ತಂತ್ರಜ್ಞಾನ ಮುಖ್ಯ ವಿಷಯ ಆಗ್ಬೇಕೋ ಬೇಡ್ವೋ?”

“ಆಗಲೇಬೇಕು” ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. “ಇಡೀ ಪ್ರಪಂಚವೇ ಟೆಕ್ನಿಕಲ್ ಲೈನಲ್ಲಿ ನಡೀತಿದೆ ಮೇಡಂ. ನಾವು ಹಿಂದೆ ಬೀಳಬಾರದು.”

ಪಿ.ಟಿ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕೊರಳಲ್ಲಿ ಸೀಟಿ ತೂಗುತ್ತಿದ್ದ ಆ ಮನುಷ್ಯನೇ ನನ್ನ ಮಗಳಿಗೆ ಸೊನ್ನೆ ಹಾಕಿದವರು. ನನಗೆ ಅವರ ಮೇಲೆ ಇದ್ದ ಕೋಪ ಎಲ್ಲಿ ಹೋಯಿತೋ ಕಾಣೆ.

ಚಪ್ಪಲಿ ಹೊರಗೆ ಬಿಡಿಸಿ ನನ್ನನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದರು. ಏಳು ಮೇಜು, ಏಳು ಮುಸುಕು. ಮೇಡಂ ಒಂದು ಮುಸುಕನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿದರು. ನಾನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಕಣ್ಣಿಗೆ ಕಂಡ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ನನಗೆ ಬರುವ ಕೆಲಸ ಅದೊಂದೇ, ಅದನ್ನು ಅಚ್ಚುಕಟ್ಟಾಗಿ ಮಾಡಿದೆ. ಏಳಕ್ಕೂ ಮಾಡಿದೆ. ಕೊನೆಯಲ್ಲಿ, ಯಾರೂ ನೋಡದಿದ್ದಾಗ, ಗುಂಡಿ ಒತ್ತಿದೆ.

ಏನೂ ಆಗಲಿಲ್ಲ.

ಆ ಕ್ಷಣ ಮಗಳ ದುಂಡನೆಯ ಅಕ್ಷರ ಕಣ್ಣಮುಂದೆ ಬಂತು, ಸುಳ್ಳೇಕೆ ಹೇಳಲಿ. ಆದರೆ ಮೇಡಂ ಅಷ್ಟರಲ್ಲಿ ಟೈಪು ಮಾಡಿದ ಕಾಗದವೊಂದನ್ನು ಹಿಡಿದು ನಿಂತಿದ್ದರು. “ಮೂರು ವರ್ಷದಿಂದ ರೆಡಿ ಮಾಡಿಟ್ಟಿದೀನಿ ಸಾರ್. ಎಕ್ಸ್‌ಪರ್ಟ್ ಸಹಿ ಒಂದೇ ಬಾಕಿ.” ‘ಏಳೂ ಯಂತ್ರಗಳು ಸುಸ್ಥಿತಿಯಲ್ಲಿದ್ದು, ಗುಂಡಿ ಒತ್ತಿದಾಗ ಪರದೆ ಬೆಳಗುತ್ತದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ.’ ಕೆಳಗೆ ಚುಕ್ಕೆ ಚುಕ್ಕೆಯ ಗೆರೆ. ಜವಾನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ.

ನಾನು ಸಹಿ ಮಾಡಿದೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮನೆಗೆ ಬಂದ ಮೇಲೆ ನೆನಪಾಯಿತು, ಅಂಕದ ವಿಷಯ ಎತ್ತಲೇ ಇಲ್ಲ ಎಂದು. ಹೆಂಡತಿ ಕೇಳಿದಾಗ, “ಚೆನ್ನಾಗಿ ಬಿಸಿ ಮುಟ್ಟಿಸಿ ಬಂದೆ” ಎಂದೆ.

ಸರಿಯಾಗಿ ಎಂಟು ದಿನಕ್ಕೆ ಶಾಲೆಯಿಂದ ಸುತ್ತೋಲೆ ಬಂತು. ಏಳು ಯಂತ್ರಗಳು ಸುಸ್ಥಿತಿಯಲ್ಲಿರುವುದು ತಜ್ಞರಿಂದ ಖಚಿತಗೊಂಡಿರುವುದರಿಂದ, ತಂತ್ರಜ್ಞಾನವನ್ನು ಈ ವರ್ಷದಿಂದಲೇ ಮುಖ್ಯ ವಿಷಯವಾಗಿ ಪರಿಗಣಿಸಲಾಗಿದೆ. ಅದರಲ್ಲಿ ಅನುತ್ತೀರ್ಣರಾದವರು ಅದೇ ತರಗತಿಯಲ್ಲಿ ಮುಂದುವರಿಯತಕ್ಕದ್ದು. ಇಡೀ ಕ್ಲಾಸಿನಲ್ಲಿ ಅನುತ್ತೀರ್ಣಳಾದವಳು ಒಬ್ಬಳೇ.

ಹೆಂಡತಿ ಸುತ್ತೋಲೆಯನ್ನು ಮೂರು ಸಲ ಓದಿದಳು. “ಯಾವನ್ರೀ ಆ ತಜ್ಞ? ಅವನ ಕೈ ಸೇದಿಹೋಗ! ಒಂದು ಮಗೂದು ಒಂದು ವರ್ಷ ಹಾಳಾಯ್ತಲ್ಲ! ಅವನಿಗೆ ಮಕ್ಕಳಿಲ್ವಾ?”

“ಇರಬಹುದು” ಎಂದೆ. ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.

ಸುದ್ದಿ ಕೇಳಿ ಭಾವಮೈದುನ ಓಡಿ ಬಂದ, ಮೇಲಿನ ಮನೆಯ ನಿವೃತ್ತ ಗುಮಾಸ್ತರೂ ಇಳಿದು ಬಂದರು. ಇಬ್ಬರೂ ನನ್ನ ಹಜಾರದಲ್ಲಿ ಕೂತು, ತಂತ್ರಜ್ಞಾನ ಮುಖ್ಯ ವಿಷಯವಾಗಬೇಕೇ ಬೇಡವೇ ಎಂದು ಒಂದೂವರೆ ಗಂಟೆ ಕಿತ್ತಾಡಿದರು.

“ಆಗಬೇಕು ಸ್ವಾಮಿ! ನಾಳೆ ಇವರೆಲ್ಲ ಏನ್ಮಾಡ್ತಾರೆ? ಸುಭಾಷಿತ ಬಾಯಿಪಾಠ ಮಾಡಿ ಬದುಕೋಕಾಗುತ್ತಾ?” ಎಂದ ಭಾವಮೈದುನ. ಅವನು ಮೊಬೈಲ್ ಫೋನಿನ ಕವರ್ ಮಾರುವವನು.

“ಮಗ್ಗಿ ಬರದೋರಿಗೆ ಮಷೀನ್ ಕೊಟ್ರೆ ಮಷೀನೂ ಹಾಳು, ಮಗೂನೂ ಹಾಳು” ಎಂದರು ಗುಮಾಸ್ತರು. “ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ದಿನದಿಂದ ಒಂದು ಫೈಲೂ ಸಿಕ್ಕಿಲ್ಲ.”

“ಅದಕ್ಕೆ ಮುಂಚೆ ಸಿಗ್ತಿತ್ತಾ?”

“ಸಿಗ್ತಿರ್ಲಿಲ್ಲ. ಆದ್ರೆ ಎಲ್ಲಿ ಸಿಗಲ್ಲ ಅಂತ ನಂಗೆ ಗೊತ್ತಿತ್ತು!”

ಇವರಿಬ್ಬರ ಗಲಾಟೆಯ ನಡುವೆ ಮಗಳು ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದಳು. ಬರೆದು ಮುಗಿಸಿ ಕಾಗದವನ್ನು ನನಗೆ ಕೊಟ್ಟಳು. ಶಿಕ್ಷಣಾಧಿಕಾರಿಯವರಿಗೆ ಅರ್ಜಿ. ‘ನನ್ನ ಉತ್ತರ ಸರಿಯಾಗಿದೆ. ದಯವಿಟ್ಟು ತಾವೇ ಬಂದು ಗುಂಡಿ ಒತ್ತಿ ನೋಡಬೇಕಾಗಿ ಕೋರುತ್ತೇನೆ.’ ಪೋಷಕರ ಸಹಿ ಎಂದು ಕೆಳಗೆ ಜಾಗ ಬಿಟ್ಟಿದ್ದಳು.

“ಅಪ್ಪ, ಇಲ್ಲಿ ನೀನು ಸಹಿ ಮಾಡ್ಬೇಕು.”

ಹದಿನೈದು ದಿನದೊಳಗೆ ನಾನು ಮಾಡಿದ ಎರಡನೆಯ ಸಹಿ ಅದು. ಈ ಸಲ ಗೆರೆ ಎಳೆಯಲಿಲ್ಲ.

ಅರ್ಜಿ ಹೋಯಿತು. ಇಂಥ ಅರ್ಜಿಗಳಿಗೆ ಉತ್ತರ ಬರುವುದಿಲ್ಲ ಎಂದು ಗುಮಾಸ್ತರು ತಮ್ಮ ಮೂವತ್ತಮೂರು ವರ್ಷದ ಅನುಭವದಿಂದ ಭರವಸೆ ಕೊಟ್ಟಿದ್ದರು. ಅವರ ಮಾತು ನಂಬಿ ನಿಶ್ಚಿಂತೆಯಿಂದಿದ್ದೆ. ಮುಂದಿನ ಸೋಮವಾರವೇ ಉತ್ತರ ಬಂತು: ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿಗಳು ಶಾಲೆಗೆ ಬರುತ್ತಾರೆ, ವಿದ್ಯಾರ್ಥಿನಿ ಪೋಷಕರೊಂದಿಗೆ ಹಾಜರಿರತಕ್ಕದ್ದು, ದೃಢೀಕರಣ ನೀಡಿದ ತಜ್ಞರನ್ನೂ ಹಾಜರುಪಡಿಸತಕ್ಕದ್ದು.

ಹೆಂಡತಿಗೆ ಅವತ್ತು ಜ್ವರ. ನನ್ನ ದುರದೃಷ್ಟ, ಪೋಷಕರಾಗಿ ನಾನೇ ಹೋಗಬೇಕಾಯಿತು. ಜೇಬಿನಲ್ಲಿದ್ದ ಐದೂ ಸ್ಕ್ರೂಡ್ರೈವರನ್ನು ಪ್ಯಾಂಟಿನ ಜೇಬಿಗೆ ಬದಲಾಯಿಸಿ, ಭಾವಮೈದುನನ ಟೋಪಿಯೊಂದನ್ನು ಹುಬ್ಬಿನವರೆಗೆ ಎಳೆದುಕೊಂಡು, ಮಗಳ ಜೊತೆ ಹೊರಟೆ.

“ಯಾಕಪ್ಪ ಟೋಪಿ?”

“ಬಿಸಿಲಮ್ಮ.”

“ಮೋಡ ಇದೆಯಲ್ಲ?”

ಈ ಮಗುವಿಗೆ ನೋಡಿದ್ದನ್ನು ಹೇಳುವ ಚಟ. ಗೇಟಿಗೆ ಬಂದೆವು. ಜವಾನ ಟೋಪಿಯ ಕೆಳಗೆ ಬಗ್ಗಿ ನೋಡಿ, ಗಂಟಲು ಹರಿಯುವಂತೆ ಕೂಗಿದ: “ಮೇಡಂ! ಎಕ್ಸ್‌ಪರ್ಟ್ ಸಾರ್ ಸಿಕ್ಕಿದ್ರು! ನಾವು ಎಲ್ಲೆಲ್ಲೋ ಹುಡುಕ್ತಾ ಇದ್ರೆ ಅವರಾಗೇ ಬಂದ್ರು!”

ಮಗಳು ನನ್ನ ಮುಖ ನೋಡಿದಳು. ನಾನು ಧ್ವಜಸ್ತಂಭ ನೋಡಿದೆ.

ಕಂಪ್ಯೂಟರ್ ಕೋಣೆಯಲ್ಲಿ ಅಧಿಕಾರಿಗಳು ಆಗಲೇ ಕೂತಿದ್ದರು. ಸಣಕಲು ದೇಹ, ಮೂಗಿನ ತುದಿಗೆ ಜಾರಿದ ಕನ್ನಡಕ. ಬಲಗಡೆಯ ಕಡ್ಡಿ ಸಡಿಲ ಎಂದು ನಾನು ಬಾಗಿಲಿನಿಂದಲೇ ಕಂಡುಹಿಡಿದೆ. ಅವರು ನನ್ನ ಪ್ರಮಾಣಪತ್ರವನ್ನು ಕಣ್ಣಿಗೆ ಹಿಡಿದಿದ್ದರು.

“ಇವಳ ಪೋಷಕರು ಎಲ್ಲಿ?”

“ನಾನೇ ಸಾರ್.”

“ತಜ್ಞರು ಎಲ್ಲಿ?”

ಇಡೀ ಕೋಣೆ ನನ್ನ ಕಡೆ ತಿರುಗಿತು. “ಅವರೇ ಸಾರ್” ಎಂದರು ಮೇಡಂ. ಪಿ.ಟಿ. ಮೇಷ್ಟ್ರ ಬಾಯಿಂದ ಸೀಟಿ ಜಾರಿ ಬಿತ್ತು.

ಅಧಿಕಾರಿಗಳು ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಪಕ್ಕ ಪಕ್ಕ ಇಟ್ಟರು. “ಒಂದೇ ಸಹಿ. ಇಲ್ಲಿ ಗುಂಡಿ ಒತ್ತಿದ್ರೆ ಬೆಳಗುತ್ತೆ ಅಂತೀರಿ. ಇಲ್ಲಿ ಬೆಳಗಲ್ಲ ಅನ್ನೋ ಅರ್ಜಿಗೆ ಸಹಿ ಹಾಕ್ತೀರಿ. ನೀವು ಯಾರ ಕಡೆಯವರು?”

ಎಕ್ಸ್‌ಪರ್ಟ್ ಎಂದು ಉಳಿದರೆ ಕುರ್ಚಿ, ಟೀ, ಬಿಸ್ಕೀಟು ಉಳಿಯುತ್ತಿತ್ತು. ಮಗಳು ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂತು ಸೋಪಿನ ಡಬ್ಬಿ ಕುಟ್ಟುತ್ತಿದ್ದಳು. ಅವಳು ಈಗ ನನ್ನನ್ನೇ ನೋಡುತ್ತಾ, ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಆ ನೋಟ ನನಗೆ ತಡೆಯಲಾಗಲಿಲ್ಲ.

“ಸಾರ್, ನಿಮ್ಮ ಕನ್ನಡಕದ ಬಲಗಡೆ ಕಡ್ಡಿ ಸಡಿಲವಾಗಿದೆ” ಎಂದೆ. “ನಾನು ಅದನ್ನ ಬಿಗಿ ಮಾಡೋನು. ಇದನ್ನಲ್ಲ.”

ಪ್ಯಾಂಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅಧಿಕಾರಿಗಳ ಮೂಗಿನಿಂದ ಕನ್ನಡಕ ಎತ್ತಿಕೊಂಡು, ಅರ್ಧ ನಿಮಿಷದಲ್ಲಿ ಬಿಗಿ ಮಾಡಿ ಹಾಕಿದೆ. ಅವರು ತಲೆ ಅಲ್ಲಾಡಿಸಿ ನೋಡಿದರು. ಕನ್ನಡಕ ಜಾರಲಿಲ್ಲ. ಎರಡು ವರ್ಷದಿಂದ ಜಾರುತ್ತಿತ್ತಂತೆ.

“ಹಾಗಾದ್ರೆ ಈ ಪತ್ರ?”

“ಸುಳ್ಳು ಸಾರ್. ಕೂರೋಕೆ ಕುರ್ಚಿ ಕೊಟ್ರು, ಸಹಿ ಹಾಕ್ಬಿಟ್ಟೆ.”

ಮೇಡಂ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. “ಇವರ ಮಾತು ಬಿಡಿ ಸಾರ್. ಮಗಳಿಗೋಸ್ಕರ ಹೇಳ್ತಿದಾರೆ. ಯಂತ್ರಗಳು ಚೆನ್ನಾಗೇ ಇವೆ.”

“ಒತ್ತಿ ನೋಡಬಹುದಲ್ಲ ಸಾರ್” ಎಂದಳು ಮಗಳು.

ಒತ್ತುವುದೇ! ಕೋಣೆಯಲ್ಲಿ ಯಾರಿಗೂ ಆ ಯೋಚನೆ ಬಂದಿರಲಿಲ್ಲ. ಒತ್ತಿದರೆ ಸವೆಯುತ್ತದೆ ಎಂದರು ಮೇಡಂ. ಒತ್ತಲು ಪರವಾನಗಿ ಬೇಕಾಗಬಹುದು ಎಂದರು ಪಿ.ಟಿ. ಮೇಷ್ಟ್ರು. ಕೊನೆಗೆ ಅಧಿಕಾರಿಗಳೇ ಎದ್ದು, ಕರವಸ್ತ್ರದಿಂದ ಬೆರಳು ಒರೆಸಿಕೊಂಡು, ಒತ್ತಿದರು. ಎಲ್ಲರೂ ಪರದೆಯನ್ನು ನೋಡುತ್ತಾ ನಿಂತೆವು. ಒಂದು ನಿಮಿಷವಾಯಿತು. ಎರಡಾಯಿತು.

“ಸ್ವಲ್ಪ ಹೊತ್ತು ಬೇಕಾಗುತ್ತೆ ಸಾರ್, ತುಂಬಾ ದಿನ ಆಗಿತ್ತಲ್ಲ” ಎಂದರು ಮೇಡಂ. ಮತ್ತೆ ಐದು ನಿಮಿಷ ನಿಂತೆವು. ಜವಾನ ಅಷ್ಟರಲ್ಲಿ ಟೀ ತಂದ. ಟೀ ಆರಿತು. ಪರದೆ ಬೆಳಗಲಿಲ್ಲ.

ನನ್ನ ತಾಳ್ಮೆ ಹಾರಿಹೋಯಿತು. ಗೋಡೆಯ ಮೇಲಿದ್ದ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ, ಐದರಲ್ಲಿ ದೊಡ್ಡ ಸ್ಕ್ರೂಡ್ರೈವರ್ ಆರಿಸಿ, ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನು ಕಿತ್ತು ಕೈಯಲ್ಲಿ ಹಿಡಿದೆ. ಹಿಂದೆ ಸುಣ್ಣ ಬಳಿದ ಗೋಡೆ ಇತ್ತು. ವೈರಿಲ್ಲ, ವೈರಿಗೆಂದು ಕೊರೆದ ತೂತು ಕೂಡ ಇಲ್ಲ.

“ವೈರು?” ಎಂದರು ಅಧಿಕಾರಿಗಳು.

“ಅದು ಮುಂದಿನ ಹಂತ ಸಾರ್” ಎಂದರು ಮೇಡಂ.

“ಮುಂದಿನ ಹಂತವಾ!” ನಾನು ಬೋರ್ಡು ಹಿಡಿದ ಕೈಯನ್ನೇ ಬೀಸಿ ಕೂಗಿದೆ. “ತಂತ್ರಜ್ಞಾನ ಕಲಿಸ್ಬೇಕೋ ಬೇಡ್ವೋ ಅಂತ ನಮ್ಮ ಮನೆ ಹಜಾರದಲ್ಲೂ ಜಗಳ ಆಯ್ತು ಸಾರ್. ಕಲಿಸಿ! ಯಾರು ಬೇಡ ಅಂದ್ರು? ದಿನಕ್ಕೆ ಮೂರು ಪಿರಿಯಡ್ ಕಲಿಸಿ, ಮುಖ್ಯ ವಿಷಯ ಮಾಡಿ, ತಲೆ ಮೇಲೆ ಇಟ್ಕೊಳ್ಳಿ! ಮೂವತ್ತೊಂಬತ್ತು ಮಕ್ಕಳಿಗೆ ವರ್ಷವೆಲ್ಲ ಬೆಳಗುತ್ತೆ ಬೆಳಗುತ್ತೆ ಅಂತ ಬಾಯಿಪಾಠ ಮಾಡಿಸಿದ್ರಿ. ಅದರಲ್ಲಿ ಒಬ್ಬಳು ಎದ್ದು ಹೋಗಿ, ಒತ್ತಿ, ನೋಡಿ, ನೋಡಿದ್ದನ್ನ ಬರೆದ್ಲು. ಇಡೀ ಶಾಲೇಲಿ ತಂತ್ರಜ್ಞಾನ ಅಂತ ನಡೆದಿದ್ದು ಅದೊಂದೇ ಸಾರ್! ಅವಳೊಬ್ಬಳನ್ನೇ ಫೇಲ್ ಮಾಡಿದೀರಿ!”

ಅಧಿಕಾರಿಗಳು ಹೊಸದಾಗಿ ಬಿಗಿಯಾದ ಕನ್ನಡಕದಲ್ಲಿ ಉತ್ತರಪತ್ರಿಕೆಯನ್ನು ಓದಿದರು.

“ಉತ್ತರ ಸರಿ ಇದೆ” ಎಂದರು. ನನ್ನ ಎದೆ ಉಬ್ಬಿತು. “ಆದ್ರೆ ಇದು ಸರಿ ಅಂತ ಬರೆದ್ರೆ ಉಳಿದ ಮೂವತ್ತೆಂಟು ಮಕ್ಕಳದ್ದು ತಪ್ಪಾಗುತ್ತೆ. ಎರಡೆರಡು ಮಾರ್ಕು ಕಳೆದ್ರೆ ಎಷ್ಟು ಜನ ಫೇಲಾಗ್ತಾರೆ ಮೇಷ್ಟ್ರೇ?”

“ಇಪ್ಪತ್ತಾರು ಸಾರ್. ನಾನು ಅವರಿಗೆಲ್ಲ ಕರೆಕ್ಟಾಗಿ ಮೂವತ್ತೈದು, ಮೂವತ್ತಾರಕ್ಕೆ ನಿಲ್ಲಿಸಿದ್ದೆ.”

“ನೋಡಿ, ಇಪ್ಪತ್ತಾರು ಮನೆಯವರು ನನ್ನ ಆಫೀಸಿಗೆ ಬರ್ತಾರೆ.” ಅಧಿಕಾರಿಗಳು ಕಣ್ಣು ಮುಚ್ಚಿ ಯೋಚಿಸಿ, ಆಮೇಲೆ ಇಲಾಖೆಗೇ ಶೋಭೆ ತರುವಂಥ ತೀರ್ಪು ಕೊಟ್ಟರು. “ಉತ್ತರದಲ್ಲಿ ಎರಡು ವಾಕ್ಯ ಇದೆ. ‘ಏನೂ ಆಗುವುದಿಲ್ಲ’ ಅನ್ನೋದಕ್ಕೆ ಸೊನ್ನೆ, ಅದು ಇಲಾಖೆಯ ಪುಸ್ತಕಕ್ಕೆ ವಿರುದ್ಧ. ‘ನಾನು ಒತ್ತಿ ನೋಡಿದ್ದೇನೆ’ ಅನ್ನೋದಕ್ಕೆ ಒಂದು ಮಾರ್ಕು. ಅದು ಪ್ರಾಕ್ಟಿಕಲ್ಲು. ಒಟ್ಟು ಮೂವತ್ತೈದು. ಪಾಸು.”

ವಿಷಯ ಮುಖ್ಯವಾಗಿಯೇ ಉಳಿಯುತ್ತದೆ, ವೈರು ಬಂದ ಮೇಲೆ ನೋಡೋಣ ಎಂದೂ ಹೇಳಿದರು. ನನ್ನ ಪ್ರಮಾಣಪತ್ರ ಫೈಲಿನಲ್ಲೇ ಇರಲಿ, ತೆಗೆದರೆ ಪುಟದ ಸಂಖ್ಯೆ ತಪ್ಪುತ್ತದೆ ಎಂದರು. ‘ನಾನು ತಜ್ಞನಲ್ಲ, ಕನ್ನಡಕದ ಅಂಗಡಿಯವನು’ ಎಂದು ನನ್ನ ಕೈಯಲ್ಲಿ ಬರೆಸಿ, ಅದರ ಹಿಂದೆ ಸೇರಿಸಿ ದಾರ ಕಟ್ಟಿದರು. ಮೇಡಂ ನನ್ನ ಕಡೆ ನೋಡದೆ ಮುಸುಕುಗಳನ್ನು ಮತ್ತೆ ಹೊದಿಸತೊಡಗಿದರು.

ಗೇಟು ದಾಟಿ ರಸ್ತೆಗೆ ಬಂದೆವು. ಮಗಳು ಪಾಸಾಗಿದ್ದಳು, ಮುಂದಿನ ಕ್ಲಾಸಿಗೆ ಹೋಗುತ್ತಿದ್ದಳು, ನಾನು ನಾಲ್ಕು ಜನರ ಎದುರಿಗೆ ನಿಂತು ನ್ಯಾಯ ಕೇಳಿ ಗೆದ್ದಿದ್ದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಇವಳು ಈಗ ‘ಅಪ್ಪ, ಚೆನ್ನಾಗಿ ಮಾತಾಡಿದೆ’ ಎನ್ನುತ್ತಾಳೆ ಎಂದು ಕಾದೆ. ಅರ್ಧ ದಾರಿಗೆ ಬಂದಾಗ ಅವಳು ಕೇಳಿದಳು.

“ಅಪ್ಪ, ಅವತ್ತು ನೀನೂ ಗುಂಡಿ ಒತ್ತಿದ್ಯಾ?”

“ಒತ್ತಿದ್ದೆ ಪುಟ್ಟಿ.”

“ಏನಾಯ್ತು?”

“ಏನೂ ಆಗ್ಲಿಲ್ಲ.”

“ಮತ್ತೆ?”

ಅಷ್ಟೇ ಕೇಳಿದಳು. ಕೋಪದಿಂದ ಕೇಳಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದಳು. ಅಧಿಕಾರಿಯ ಮುಂದೆ ಅಷ್ಟೆಲ್ಲ ಕೂಗಿದ ನಾನು ಟೋಪಿಯನ್ನು ಮತ್ತೆ ಹುಬ್ಬಿನವರೆಗೆ ಎಳೆದುಕೊಂಡೆ. ಅವಳು ಉತ್ತರಕ್ಕಾಗಿ ನನ್ನ ಮುಖ ನೋಡುತ್ತಲೇ ನಡೆದಳು. ಮನೆ ಬಾಗಿಲು ಬರುವವರೆಗೂ ನೋಡುತ್ತಲೇ ಇದ್ದಳು.